ಕ್ರಿಯಾಪದ ಕೊನೆಗೆ ಬಂದಾಗ

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಯಾವುದೇ ಭಾಷೆಯ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಮೂರನೆಯದು ಬಿ1. ಅದಕ್ಕೆ ಅಲ್ಲಿರುವ ಇನ್ನೊಂದು ಹೆಸರು ‘ಹೊಸ್ತಿಲು’. ಹೆಸರು ತಕ್ಕುದಾಗಿಯೇ ಇದೆ. ಅಂಗಳದಲ್ಲಿ ನಿಂತವರು ಹೆಸರು, ಊರು, ಗಂಟೆ, ತರಕಾರಿಯ ಬೆಲೆ ಕೇಳಿ ತಿಳಿದರೆ ಸಾಕು. ಒಳಗೆ ಕಾಲಿಡಬೇಕಾದರೆ ಕಾರಣ ಹೇಳಬೇಕು, ಷರತ್ತು ಹಾಕಬೇಕು, ಬೇರೆಯವರು ಅಂದದ್ದನ್ನು ತಿರುಗಿ ಹೇಳಬೇಕು, ಆಗದೇ ಹೋದದ್ದರ ಬಗ್ಗೆ ಹಳಹಳಿಸಲೂ ಬರಬೇಕು. ಕಾಲೇಜುಗಳಲ್ಲಿ ‘ಮಧ್ಯಮ ಹಂತದ ಜರ್ಮನ್’ ಎಂದು ಕರೆಯುವುದು ಈ ಹೊಸ್ತಿಲಿನ ಆಚೀಚೆಯ ಪಾಠವನ್ನೇ. ಅಮೆರಿಕದ ಕಾಲೇಜುಗಳಲ್ಲಿ ಅದು ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರ್‌ನ ವಿಷಯ. ನಮ್ಮಲ್ಲಿ ಪದವಿಯ ಐಚ್ಛಿಕ ಪತ್ರಿಕೆಯಾಗಿಯೋ, ಎಂಜಿನಿಯರಿಂಗ್ ಓದಿನ ಜೊತೆಗೆ ಸಂಜೆಯ ತರಗತಿಯಾಗಿಯೋ ನಡೆಯುತ್ತದೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗಯಟೆ ಸಂಸ್ಥೆಯ ಇಲ್ಲಿನ ಶಾಖೆ, ಅಂಥ ತರಗತಿಗಳ ಹಳೆಯ ನೆಲೆ. ಬಿ1 ಮುಟ್ಟಲು 45 ನಿಮಿಷಗಳ 350ರಿಂದ 650 ಪಾಠಾವಧಿ ಬೇಕೆಂಬುದು ಆ ಸಂಸ್ಥೆಯ ಅಂದಾಜು. ಆ ಹಂತದ ಪದಪಟ್ಟಿಯಲ್ಲಿ ಸುಮಾರು 2400 ಪದಗಳಿವೆ.

ಮೊದಲ ಎರಡು ಮೆಟ್ಟಿಲುಗಳನ್ನು ಕನ್ನಡದ ವಿದ್ಯಾರ್ಥಿ ಇಂಗ್ಲಿಷಿನ ಊರುಗೋಲು ಹಿಡಿದು ಹತ್ತುತ್ತಾನೆ. ಪಠ್ಯದ ವಿವರಣೆ, ಪದಾರ್ಥ, ಮೇಷ್ಟರ ಮಾತು ಎಲ್ಲವೂ ಇಂಗ್ಲಿಷಿನಲ್ಲೇ. ‘ಹೌಸ್’ ಎಂದರೆ ಹೌಸ್, ‘ಮಿಲ್ಶ್’ ಎಂದರೆ ಮಿಲ್ಕ್. ಊರುಗೋಲು ಚೆನ್ನಾಗಿಯೇ ಆಸರೆ ಕೊಡುತ್ತದೆ. ಬಿ1ಕ್ಕೆ ಬಂದಾಗ ಅದು ಜಾರತೊಡಗುತ್ತದೆ. ಏಕೆಂದರೆ ಇಲ್ಲಿಂದ ಮುಂದಿನ ಜರ್ಮನ್ ವಾಕ್ಯದ ನಡಿಗೆ ಇಂಗ್ಲಿಷಿನಂತಿಲ್ಲ. ಅಚ್ಚರಿಯೆಂದರೆ, ಅದು ಎಷ್ಟೋ ಕಡೆ ಕನ್ನಡದಂತಿದೆ. ತರಗತಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಲಿಯುವವರು ತಮ್ಮ ಮನೆಯಲ್ಲೇ ಇರುವ ಸಾಮಾನನ್ನು ಪರದೇಶದಿಂದ ತರಿಸಿಕೊಂಡಂತೆ ಕಷ್ಟಪಟ್ಟು ಕಲಿಯುತ್ತಾರೆ.

ಅಧೀನ ವಾಕ್ಯವನ್ನೇ ನೋಡಬಹುದು. ಜರ್ಮನ್ನಿನ ಮುಖ್ಯ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೆಯ ಸ್ಥಾನ ಕಾಯಂ. ಮೊದಲು ‘ನಿನ್ನೆ’ ಬರಲಿ, ‘ನಾನು’ ಬರಲಿ, ‘ಬಸ್ಸಿನಲ್ಲಿ’ ಬರಲಿ, ಎರಡನೆಯ ಕುರ್ಚಿ ಕ್ರಿಯಾಪದದ್ದು. ಆದರೆ ‘ವೈಲ್’, ‘ದಸ್’, ‘ಓಪ್‌ವೋಲ್’ ಮುಂತಾದ ಸಂಯೋಜಕಗಳು ಬಂದ ಕೂಡಲೇ ಆ ಕುರ್ಚಿ ಖಾಲಿಯಾಗಿ ಕ್ರಿಯಾಪದ ವಾಕ್ಯದ ತುದಿಗೆ ಹೋಗಿ ಕೂರುತ್ತದೆ. ‘ವೈಲ್ ಇಶ್ ಹೊಯ್ಟೆ ಕೈನೆ ತ್ಸೈಟ್ ಹಾಬೆ’: ಇದನ್ನು ಪದಕ್ಕೆ ಪದ ಇಳಿಸಿದರೆ ‘ಏಕೆಂದರೆ ನನ್ನಲ್ಲಿ ಇವತ್ತು ಸಮಯ ಇಲ್ಲ’ ಎಂಬ ನೇರವಾದ ಕನ್ನಡವೇ ಸಿಗುತ್ತದೆ. ಇಂಗ್ಲಿಷಿನಿಂದ ಹೊರಟವರಿಗೆ ಇದು ವಾಕ್ಯವನ್ನು ತಲೆಕೆಳಗು ಮಾಡುವ ಕಸರತ್ತು. ಕನ್ನಡದಿಂದ ಹೊರಟವರಿಗೆ, ಕ್ರಿಯಾಪದ ತನ್ನ ಮಾಮೂಲಿ ಜಾಗಕ್ಕೆ ವಾಪಸಾದಂತೆ. ಒಂದು ವ್ಯತ್ಯಾಸವಂತೂ ಇದೆ. ಕನ್ನಡದಲ್ಲಿ ವಾಕ್ಯಗಳನ್ನು ಬೆಸೆಯುವ ಗುರುತು ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ: ‘ಬಂದದ್ದರಿಂದ’, ‘ಬಂದರೂ’, ‘ಬರುತ್ತಾನೆಂದು’. ಜರ್ಮನ್ನಿನಲ್ಲಿ ಆ ಗುರುತು ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ. ಮುಂದೆ ಸಂಯೋಜಕ, ಹಿಂದೆ ಕ್ರಿಯಾಪದ. ನಡುವೆ ಇರುವುದೆಲ್ಲ ಆವರಣದೊಳಗೆ.

ಇಂಗ್ಲಿಷಿನ ‘ಇಫ್’ ಎಂಬ ಒಂದೇ ಪದ ಜರ್ಮನ್ನಿನಲ್ಲಿ ‘ವೆನ್’, ‘ಓಪ್’ ಎಂದು ಎರಡಾಗಿ ಒಡೆಯುತ್ತದೆ. ಪಠ್ಯಗಳು ಇದಕ್ಕೆ ಒಂದು ಪಾಠ, ಹತ್ತು ಅಭ್ಯಾಸ ಕೊಡುತ್ತವೆ. ಕನ್ನಡಿಗರಿಗೆ ಒಂದು ಸಾಲು ಸಾಕು: ‘ಬಂದರೆ’ ಎನ್ನುವಲ್ಲಿ ‘ವೆನ್’, ‘ಬರುತ್ತಾನೋ ಇಲ್ಲವೋ’ ಎನ್ನುವಲ್ಲಿ ‘ಓಪ್’. ‘ಆಲ್ಸ್’ ಮತ್ತು ‘ವೆನ್’ ನಡುವಿನ ಗೊಂದಲವೂ ಹೀಗೆಯೇ ಬಗೆಹರಿಯುತ್ತದೆ. ಹಿಂದೆ ಒಮ್ಮೆ ನಡೆದದ್ದಾದರೆ, ಅಂದರೆ ‘ಅಜ್ಜ ಬಂದಾಗ’ ಎಂದರೆ, ‘ಆಲ್ಸ್’. ಮತ್ತೆ ಮತ್ತೆ ನಡೆದದ್ದಾದರೆ, ‘ಅಜ್ಜ ಬಂದಾಗಲೆಲ್ಲ’ ಎಂದರೆ, ‘ವೆನ್’. ‘ದೂ’ ಮತ್ತು ‘ಜೀ’ ಎಂಬ ಏಕವಚನ–ಗೌರವವಚನದ ಬಗ್ಗೆಯಂತೂ ನೀನು–ನೀವುಗಳ ನಾಡಿನವರಿಗೆ ಪಾಠವೇ ಬೇಡ. ದೇವರನ್ನೂ ಅಮ್ಮನನ್ನೂ ಏಕವಚನದಲ್ಲಿ ಕರೆಯುವ ಸಲುಗೆ ಜರ್ಮನ್ನರಿಗೂ ಇದೆ. ಮಾತಿನ ನಡುವೆ ಉದುರುವ ‘ಡೋಖ್’, ‘ಮಾಲ್’, ‘ಯಾ’, ‘ಹಾಲ್ಟ್’ ಎಂಬ ಚೂರುಪದಗಳ ಕತೆಯೂ ಅದೇ. ಇವುಗಳ ಅರ್ಥ ಹೇಳಲು ಇಂಗ್ಲಿಷ್ ವ್ಯಾಕರಣಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ‘ತಾನೆ’, ‘ಅಲ್ವಾ’, ‘ಕಣೋ’, ‘ಬಂದನಲ್ಲ’ಗಳನ್ನು ದಿನಾ ಬಳಸುವವರಿಗೆ ಅವುಗಳ ರುಚಿ ಕಿವಿಗೇ ಸಿಗುತ್ತದೆ.

ಕನ್ನಡ–ಜರ್ಮನ್ ನಡುವಿನ ಈ ಇಂಗ್ಲಿಷ್ ಸೇತುವೆ ಹೊಸದಲ್ಲ. ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕರ್ನಾಟಕಕ್ಕೆ ಬಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಿಂದ ಸಂಪಾದಿಸಿ ಹೊರತಂದರು. 1894ರಲ್ಲಿ ಅವರ ಮಹಾ ನಿಘಂಟು ಅಚ್ಚಾಯಿತು. ಆ ನಿಘಂಟು ಕನ್ನಡ–ಜರ್ಮನ್ ಅಲ್ಲ, ಕನ್ನಡ–ಇಂಗ್ಲಿಷ್. ಜರ್ಮನ್ ಮನೆಮಾತಿನವರೊಬ್ಬರು ಕನ್ನಡಕ್ಕೆ ಅರ್ಥ ಬರೆದದ್ದು ಮೂರನೆಯ ಭಾಷೆಯಲ್ಲಿ; ಇವತ್ತು ಕನ್ನಡ ಮನೆಮಾತಿನವರು ಜರ್ಮನ್ನಿಗೆ ಅರ್ಥ ಹುಡುಕುವುದೂ ಅದೇ ಮೂರನೆಯ ಭಾಷೆಯಲ್ಲಿ.

ವಿಭಕ್ತಿಗಳ ವಿಷಯಕ್ಕೆ ಬಂದರೆ ಎರಡು ಭಾಷೆಗಳ ಹೋಲಿಕೆ ಇನ್ನೂ ಗಟ್ಟಿ. ಜರ್ಮನ್ನಿನಲ್ಲಿ ನಾಲ್ಕು ವಿಭಕ್ತಿ: ನೊಮಿನಾಟೀಫ್, ಅಕುಜಾಟೀಫ್, ಡಾಟೀಫ್, ಗೆನಿಟೀಫ್. ಹೈಸ್ಕೂಲಿನಲ್ಲಿ ಪ್ರಥಮಾದಿಂದ ಸಪ್ತಮಿಯವರೆಗೆ ಬಾಯಿಪಾಠ ಮಾಡಿದವರಿಗೆ ಇವು ಕ್ರಮವಾಗಿ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಉಳಿದ ಮೂರು ಎಲ್ಲಿ ಹೋದವು? ಅವು ಡಾಟೀಫ್‌ನ ಹೊಟ್ಟೆಯೊಳಗಿವೆ. ‘ಚಾಕುವಿನಿಂದ’ ಎನ್ನಲು ‘ಮಿಟ್’, ‘ಮನೆಯೊಳಗಿಂದ’ ಎನ್ನಲು ‘ಔಸ್’, ‘ಶಾಲೆಯಲ್ಲಿ’ ಎನ್ನಲು ‘ಇನ್’. ಮೂರರ ಮುಂದೆಯೂ ನಾಮಪದಕ್ಕೆ ಡಾಟೀಫ್ ವೇಷ. ಇತಿಹಾಸವೂ ಇದನ್ನೇ ಹೇಳುತ್ತದೆ: ಮೂಲ ಇಂಡೋ–ಯುರೋಪಿಯನ್ನಿನಲ್ಲಿ ಬೇರೆ ಬೇರೆಯಾಗಿದ್ದ ತೃತೀಯಾ, ಪಂಚಮೀ, ಸಪ್ತಮಿಗಳ ಕೆಲಸವನ್ನು ಜರ್ಮಾನಿಕ್ ಭಾಷೆಗಳಲ್ಲಿ ಬಹುಮಟ್ಟಿಗೆ ಚತುರ್ಥಿಯೇ ವಹಿಸಿಕೊಂಡಿತು.

ಆದರೆ ಡಾಟೀಫ್‌ನ ನಿಜವಾದ ಸೊಗಸು ಇರುವುದು ಅನುಭವ ಹೇಳುವ ವಾಕ್ಯಗಳಲ್ಲಿ. ಇಂಗ್ಲಿಷಿನಲ್ಲಿ ಚಳಿಯಾದವನು ವಾಕ್ಯದ ಯಜಮಾನ. ಕನ್ನಡದಲ್ಲಿ ಹಾಗಲ್ಲ; ಚಳಿ ಆಗುವುದು ‘ನನಗೆ’. ಜರ್ಮನ್ನಿನಲ್ಲೂ ‘ಮೀರ್ ಇಸ್ಟ್ ಕಾಲ್ಟ್’, ನನಗೆ ಚಳಿ. ಇಂಗ್ಲಿಷಿನ ಜಾಡು ಹಿಡಿದು ‘ಇಶ್ ಬಿನ್ ಕಾಲ್ಟ್’ ಎಂದರೆ ‘ನಾನು ಭಾವನೆ ಬತ್ತಿದ ಮನುಷ್ಯ’ ಎಂದಂತಾಗುತ್ತದೆ. ಪುಸ್ತಕ ‘ನನಗೆ’ ಹಿಡಿಸಿತು, ಊಟ ‘ನನಗೆ’ ರುಚಿಸಿತು, ‘ನನಗೆ’ ಬೇಜಾರು: ಮೂರರಲ್ಲೂ ‘ಮೀರ್’. ಏನೋ ತಟ್ಟನೆ ತಲೆಗೆ ಬಂದರೆ ಜರ್ಮನ್ ಅದನ್ನು ‘ಐನ್‌ಫಾಲೆನ್’, ಒಳಗೆ ಬಿತ್ತು ಎನ್ನುತ್ತದೆ. ಕನ್ನಡ ‘ಹೊಳೆಯಿತು’ ಎನ್ನುತ್ತದೆ. ಎರಡಕ್ಕೂ ‘ನನಗೆ’ ಬೇಕು. ಹಾಗೆಂದು ಎಲ್ಲವನ್ನೂ ಕನ್ನಡದ ಅಚ್ಚಿಗೆ ಹಾಕಿದರೆ ಎಡವಟ್ಟು. ನಮಗೆ ಹಸಿವು ‘ಆಗುತ್ತದೆ’, ಜ್ವರ ‘ಬರುತ್ತದೆ’, ದುಡ್ಡು ‘ಬೇಕಾಗುತ್ತದೆ’. ಜರ್ಮನ್ನರು ಹಸಿವನ್ನೂ ಜ್ವರವನ್ನೂ ‘ಇಟ್ಟುಕೊಂಡಿರುತ್ತಾರೆ’. ದುಡ್ಡಿನ ಅಗತ್ಯ ಹೇಳುವಾಗಲೂ ಅವರಲ್ಲಿ ‘ಇಶ್’ ಎಂಬ ಕರ್ತೃವೇ.

ಒಂಬತ್ತು ಪ್ರಿಪೊಸಿಷನ್‌ಗಳ ಒಂದು ಗುಂಪು ಮಧ್ಯಮ ಹಂತದಲ್ಲಿ ಎಲ್ಲರನ್ನೂ ಕಾಡುತ್ತದೆ: ಆನ್, ಔಫ್, ಹಿಂಟರ್, ಇನ್, ನೇಬೆನ್, ಊಬರ್, ಉಂಟರ್, ಫೋರ್, ತ್ಸ್ವಿಶೆನ್. ಚಲನೆ ಇದ್ದರೆ ಇವುಗಳ ಮುಂದೆ ದ್ವಿತೀಯಾ, ಇದ್ದಲ್ಲೇ ಇದ್ದರೆ ಚತುರ್ಥೀ. ‘ಎಲ್ಲಿಗೆ?’ ಎಂಬ ಪ್ರಶ್ನೆಗೆ ‘ಇನ್ ದೀ ಶೂಲೆ’, ‘ಎಲ್ಲಿ?’ ಎಂಬ ಪ್ರಶ್ನೆಗೆ ‘ಇನ್ ದೇರ್ ಶೂಲೆ’. ಎಲ್ಲಿಗೆ–ಎಲ್ಲಿ, ಶಾಲೆಗೆ–ಶಾಲೆಯಲ್ಲಿ ಎಂಬ ಭೇದ ನಮ್ಮ ನಾಲಗೆಯಲ್ಲಿ ಮೊದಲೇ ಇದೆ. ತೊಡಕಿರುವುದು ಒಂದೇ ಕಡೆ: ಕನ್ನಡದ ‘ಗೆ’ ಚತುರ್ಥೀ ಪ್ರತ್ಯಯ, ಜರ್ಮನ್ನಿನಲ್ಲಿ ಅದೇ ಅರ್ಥಕ್ಕೆ ಬರುವುದು ದ್ವಿತೀಯಾ. ವಿಭಕ್ತಿಯ ಹೆಸರು ನೋಡದೆ ಪ್ರಶ್ನೆಯನ್ನು ಮಾತ್ರ ನೆನಪಿಟ್ಟುಕೊಂಡವರು ಬಚಾವಾಗುತ್ತಾರೆ.

ಇನ್ನು ಕನ್ನಡ ಕೈಕೊಡುವ ಜಾಗಗಳು. ಅವೂ ಕಡಿಮೆಯಿಲ್ಲ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದು ನಪುಂಸಕ. ಜರ್ಮನ್ನಿನ ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ದೇರ್, ದೀ, ದಸ್ ಮೂರೂ ಒಂದೇ ತಟ್ಟೆಯ ಸುತ್ತ. 1878ರಲ್ಲಿ ಹೈಡೆಲ್‌ಬರ್ಗಿನಲ್ಲಿದ್ದು ಜರ್ಮನ್ ಕಲಿಯಲು ಹೆಣಗಿದ ಮಾರ್ಕ್ ಟ್ವೇನ್, 1880ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹುಡುಗಿಗೆ ಲಿಂಗವಿಲ್ಲದ್ದನ್ನು ಕಂಡು ಗೇಲಿ ಮಾಡಿದ. ‘ಮೇಡ್‌ಶೆನ್’ ನಪುಂಸಕವಾಗಿರುವುದಕ್ಕೆ ಕಾರಣ ಹುಡುಗಿಯಲ್ಲ, ಪದದ ತುದಿಯ ‘ಶೆನ್’. ಪುಟ್ಟದು, ಮುದ್ದಿನದು ಎಂಬ ಅರ್ಥ ಕೊಡುವ ಆ ಪ್ರತ್ಯಯ ಹತ್ತಿದ್ದೆಲ್ಲ ನಪುಂಸಕವಾಗುತ್ತದೆ. ಹವ್ಯಕ ಕನ್ನಡದ ಮನೆಗಳವರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣಲಾರದು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡುವಾಗ ‘ಅದು ಬಂತು’ ಎಂಬ ನಪುಂಸಕ ರೂಪವೇ ರೂಢಿ. ಉಂಗ್, ಹೈಟ್, ಕೈಟ್, ಶಾಫ್ಟ್ ಎಂದು ಮುಗಿಯುವವು ಸ್ತ್ರೀಲಿಂಗ ಎಂಬಂಥ ಕೆಲವು ಸೂತ್ರಗಳು ಕೈಗೆ ಸಿಗುತ್ತವೆ. ಉಳಿದದ್ದು ಕಂಠಪಾಠ. ಬುದ್ಧಿವಂತ ವಿದ್ಯಾರ್ಥಿಗಳು ‘ಟಿಶ್’ ಎಂದು ಬರೆದುಕೊಳ್ಳುವುದಿಲ್ಲ, ‘ದೇರ್ ಟಿಶ್’ ಎಂದೇ ಬರೆದುಕೊಳ್ಳುತ್ತಾರೆ.

ಲಿಂಗ ತಪ್ಪಿದರೆ ವಿಶೇಷಣವೂ ತಪ್ಪುತ್ತದೆ. ‘ಒಳ್ಳೆಯ’ ಎಂಬ ಕನ್ನಡ ಪದ ಚಹಾದ ಮುಂದೆಯೂ ಚಹಾದಂಗಡಿಯ ಮುಂದೆಯೂ ಒಂದೇ. ಜರ್ಮನ್ನಿನ ‘ಗೂಟ್’ ಹಾಗಲ್ಲ: ‘ದೇರ್ ಗೂಟೆ ಟೇ’, ‘ಐನ್ ಗೂಟರ್ ಟೇ’, ‘ಮಿಟ್ ಗೂಟೆಮ್ ಟೇ’. ಪಠ್ಯಪುಸ್ತಕಗಳು ಇದನ್ನು ಮೂರು ದೊಡ್ಡ ಕೋಷ್ಟಕಗಳಲ್ಲಿ ತುಂಬಿ ವಿದ್ಯಾರ್ಥಿಯನ್ನು ಹೆದರಿಸುತ್ತವೆ. ಒಳಗಿನ ತರ್ಕ ಸರಳ. ಲಿಂಗ–ವಿಭಕ್ತಿಗಳ ಬಾವುಟವನ್ನು ಯಾರಾದರೊಬ್ಬರು ಹಿಡಿಯಬೇಕು. ಮುಂದಿರುವ ‘ದೇರ್’ ಹಿಡಿದಿದ್ದರೆ ವಿಶೇಷಣ ಆರಾಮಾಗಿ ‘ಎ’ ಅಥವಾ ‘ಎನ್’ ಎಂದು ಮುಗಿಯುತ್ತದೆ. ಮುಂದೆ ಯಾರೂ ಇಲ್ಲದಿದ್ದರೆ, ಇದ್ದೂ ‘ಐನ್’ನಂತೆ ಬರಿಗೈಯಲ್ಲಿದ್ದರೆ, ಬಾವುಟ ವಿಶೇಷಣದ ಕೈಗೆ. ಹೀಗೆ ಹೇಳಿಕೊಟ್ಟರೆ ಕೋಷ್ಟಕಗಳು ಅರ್ಧಕ್ಕರ್ಧ ಕರಗುತ್ತವೆ.

ಉಚ್ಚಾರಣೆಯಲ್ಲೂ ಕನ್ನಡ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಜರ್ಮನ್ ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ; ಅಷ್ಟು ಸಮಾಧಾನ. ಆದರೆ ‘ಶೋನ್’ ಎಂದರೆ ಆಗಲೇ, ಅದೇ ಪದದ ‘ಓ’ ಮೇಲೆ ಎರಡು ಚುಕ್ಕೆ ಬಿದ್ದರೆ ಸುಂದರ. ಕನ್ನಡ ಲಿಪಿಗೆ ಎರಡೂ ಒಂದೇ. ಚುಕ್ಕೆಯ ‘ಊ’ ಬೇಕಾದರೆ ನಾಲಗೆಯಲ್ಲಿ ‘ಈ’ ಅಂದು ತುಟಿಯನ್ನು ‘ಊ’ಗೆ ದುಂಡಗೆ ಮಾಡಬೇಕು. ಬಸ್ಸಿಗೂ ಕಾರಿಗೂ ಒಂದು ‘ಉ’ಕಾರ ಹಚ್ಚಿ ನಯಮಾಡಿಕೊಂಡ ನಾಲಗೆಗೆ ಪದದ ತುದಿಯ ವ್ಯಂಜನಗಳ ದಂಡು ಕಷ್ಟ. ಶರತ್ಕಾಲ ಎಂಬರ್ಥದ ‘ಹೆರ್ಬ್ಸ್ಟ್’ ಎಂಬ ಒಂದೇ ಉಸಿರಿನ ಪದದಲ್ಲಿ ನಾಲ್ಕು ವ್ಯಂಜನ ಒತ್ತೊತ್ತಾಗಿ ಬರುತ್ತವೆ. ದಿನ ಎಂಬರ್ಥದ ಪದ ಏಕವಚನದಲ್ಲಿ ‘ಟಾಕ್’, ಬಹುವಚನದಲ್ಲಿ ‘ಟಾಗೆ’: ತುದಿಗೆ ಬಂದ ಘೋಷ ವ್ಯಂಜನ ನಾದ ಕಳೆದುಕೊಳ್ಳುತ್ತದೆ.

ಪದಸಂಪತ್ತನ್ನು ಬೆಳೆಸುವ ಉಪಾಯಗಳು ಮಾತ್ರ ನಮ್ಮ ವ್ಯಾಕರಣದ ತರಗತಿಯಿಂದಲೇ ಎದ್ದು ಬಂದಂತಿವೆ. ‘ಹಾರ’ಕ್ಕೆ ಉಪಸರ್ಗ ಹತ್ತಿದರೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಜರ್ಮನ್ನಿನ ‘ಕೊಮ್ಮೆನ್’, ಅಂದರೆ ಬರುವುದು, ಹೀಗೆಯೇ ಬಣ್ಣ ಬದಲಿಸುತ್ತದೆ: ‘ಆನ್‌ಕೊಮ್ಮೆನ್’ ತಲುಪುವುದು, ‘ಮಿಟ್‌ಕೊಮ್ಮೆನ್’ ಜೊತೆಗೆ ಬರುವುದು, ‘ಬೆಕೊಮ್ಮೆನ್’ ಪಡೆಯುವುದು, ‘ಉಮ್‌ಕೊಮ್ಮೆನ್’ ಪ್ರಾಣ ಕಳೆದುಕೊಳ್ಳುವುದು. ಆನ್, ಮಿಟ್, ಉಮ್ ತರಹದವು ಮುಖ್ಯ ವಾಕ್ಯದಲ್ಲಿ ಕ್ರಿಯಾಪದದಿಂದ ಕಳಚಿಕೊಂಡು ಸಾಲಿನ ತುದಿಗೆ ಹೋಗುತ್ತವೆ. ಆದ್ದರಿಂದ ರೈಲು ಬಂತೋ, ಹೊರಟಿತೋ ತಿಳಿಯಬೇಕಾದರೆ ಕೊನೆಯ ಪದದವರೆಗೆ ಕಾಯಬೇಕು. ಸಮಾಸಗಳೂ ನಮ್ಮ ತತ್ಪುರುಷದಂತೆ ಉತ್ತರಪದ ಪ್ರಧಾನ. ‘ರೋಗಿ’ ಮತ್ತು ‘ಮನೆ’ ಸೇರಿ ‘ಕ್ರಾಂಕೆನ್‌ಹೌಸ್’ ಆದಾಗ ಲಿಂಗ ಮನೆಯದ್ದು. ಮೆಕ್ಲೆನ್‌ಬುರ್ಗ್–ಫೋರ್‌ಪೊಮ್ಮರ್ನ್ ರಾಜ್ಯ 1999ರಲ್ಲಿ ಜಾರಿಗೆ ತಂದ, ಗೋಮಾಂಸದ ಲೇಬಲ್ ಮೇಲ್ವಿಚಾರಣೆಯ ಹೊಣೆಯನ್ನು ವರ್ಗಾಯಿಸುವ ಕಾಯ್ದೆಯ ಹೆಸರು 63 ಅಕ್ಷರಗಳ ಒಂದೇ ಪದವಾಗಿತ್ತು. 2013ರಲ್ಲಿ ಕಾಯ್ದೆ ರದ್ದಾಯಿತು, ಪದ ಮಾತ್ರ ತರಗತಿಗಳಲ್ಲಿ ಇನ್ನೂ ಜೀವಂತವಾಗಿದೆ.

ಈ ಹಂತದಲ್ಲಿ ವಿದ್ಯಾರ್ಥಿಯ ಕೈಗೆ ಮೊದಲ ಬಾರಿಗೆ ನಿಜವಾದ ಸಾಹಿತ್ಯ ಬರುತ್ತದೆ. ಯುದ್ಧೋತ್ತರ ಜರ್ಮನ್ ಭಾಷೆಯ ಕಿರುಗತೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ: ಸಣ್ಣ ವಾಕ್ಯ, ಬರಿಯ ಪದ, ಒಳಗೆ ದೊಡ್ಡ ಹೊರೆ. ವೋಲ್ಫ್‌ಗಾಂಗ್ ಬೋರ್ಚರ್ಟ್ 1946ರಲ್ಲಿ ಬರೆದ ‘ದಸ್ ಬ್ರೋಟ್’ ಕತೆಯಲ್ಲಿ ಅರ್ಧರಾತ್ರಿ ಅಡುಗೆಮನೆಯಲ್ಲಿ ಕದ್ದು ಬ್ರೆಡ್ ತಿಂದ ಗಂಡನ ಸುಳ್ಳನ್ನು ಹೆಂಡತಿ ನಂಬಿದಂತೆ ನಟಿಸುತ್ತಾಳೆ. ಪೀಟರ್ ಬಿಕ್ಸೆಲ್ 1969ರಲ್ಲಿ ಪ್ರಕಟಿಸಿದ ಮಕ್ಕಳ ಕತೆಗಳಲ್ಲೊಂದು, ಬೇಸರಗೊಂಡ ಮುದುಕನೊಬ್ಬ ಮಂಚವನ್ನು ಚಿತ್ರವೆಂದೂ ಮೇಜನ್ನು ಜಮಖಾನೆಯೆಂದೂ ಕರೆಯುತ್ತ ಕೊನೆಗೆ ಯಾರಿಗೂ ಅರ್ಥವಾಗದವನಾಗುವ ಕತೆ. ಹೊಸ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಹೊಸ ಹೆಸರು ಕಲಿಯುತ್ತಿರುವವರಿಗೆ ಇದಕ್ಕಿಂತ ಚುರುಕಾದ ಪಾಠ ಇನ್ನೊಂದು ಸಿಗುವುದು ಕಷ್ಟ. ಹಳೆಯ ಮುದ್ರಣಗಳನ್ನು ಹಿಡಿದವರಿಗೆ ಒಂದು ಎಚ್ಚರ ಬೇಕು: 1996ರ ಕಾಗುಣಿತ ಸುಧಾರಣೆಗೆ ಮುಂಚಿನ ಪುಸ್ತಕಗಳಲ್ಲಿ ‘ದಸ್’ ಸಂಯೋಜಕದ ಬರವಣಿಗೆಯೇ ಬೇರೆ.

ಸಾಹಿತ್ಯದ ಜೊತೆಗೇ ಬರುತ್ತದೆ ‘ಕೊನ್‌ಯುಂಕ್ಟೀಫ್’ ಎರಡು, ಅಂದರೆ ಆಗಿಲ್ಲದ್ದನ್ನು, ಆಗಬಹುದಾದದ್ದನ್ನು ಹೇಳುವ ರೂಪ. ‘ಅವನು ಬಂದಿದ್ದರೆ ನಾನು ನೋಡುತ್ತಿದ್ದೆ’ ಎನ್ನುವಾಗ ಜರ್ಮನ್ನಿನಲ್ಲಿ ಮೊದಲ ಅರ್ಧದ ಕ್ರಿಯಾಪದ ಕೊನೆಗೆ, ಎರಡನೆಯ ಅರ್ಧದ್ದು ಮೊದಲಿಗೆ ಬಂದು ‘ವೇರೆ, ಹೆಟೆ’ ಎಂದು ಅಲ್ಪವಿರಾಮದ ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಬ್ರೆಕ್ಟ್‌ನ, ಶಾರ್ಕ್‌ಗಳು ಮನುಷ್ಯರಾಗಿದ್ದರೆ ಏನಾಗುತ್ತಿತ್ತು ಎಂಬ ಪುಟ್ಟ ಬರಹ ಬಹುತೇಕ ಈ ರೂಪದಲ್ಲೇ ಸಾಗುತ್ತದೆ. ಹೈನ್‌ರಿಶ್ ಬ್ಯೋಲ್ 1963ರಲ್ಲಿ ಬರೆದ, ದಡದಲ್ಲಿ ತೂಕಡಿಸುವ ಬೆಸ್ತನಿಗೆ ಪ್ರವಾಸಿಯೊಬ್ಬ ದುಡಿಮೆಯ ಉಪದೇಶ ಮಾಡುವ ಕತೆ ಲೇಖಕನ ಹೆಸರು ಕಳಚಿಕೊಂಡು ಜಗತ್ತೆಲ್ಲ ಸುತ್ತುತ್ತಿದೆ. ಪ್ರವಾಸಿ ಕಟ್ಟುವ ಗಾಳಿಗೋಪುರದ ಇಟ್ಟಿಗೆಗಳೂ ಇದೇ ರೂಪದವು. 1998ರ ‘ಲೋಲಾ ರೆಂಟ್’ ಸಿನಿಮಾ ತರಗತಿಗಳ ನೆಚ್ಚಿನದಾಗಿರುವುದಕ್ಕೂ ಇದೇ ಕಾರಣ. 20 ನಿಮಿಷದಲ್ಲಿ ಒಂದು ಲಕ್ಷ ಮಾರ್ಕ್ ಹೊಂದಿಸಲು ಲೋಲಾ ಮೂರು ಸಲ ಓಡುತ್ತಾಳೆ, ಮೂರು ಅಂತ್ಯ. ಒಂದು ಕ್ಷಣ ಮೊದಲು ಬಂದಿದ್ದರೆ ಎಂಬ ಪ್ರಶ್ನೆಯನ್ನು ಹುಡುಕಿ ತರಬೇಕಾಗಿಯೇ ಇಲ್ಲ.

ಬಿ1 ಪರೀಕ್ಷೆಯನ್ನು ಗಯಟೆ ಸಂಸ್ಥೆ, ಆಸ್ಟ್ರಿಯಾದ ಭಾಷಾ ಪರೀಕ್ಷಾ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಫ್ರೈಬೂರ್ ವಿಶ್ವವಿದ್ಯಾಲಯ ಸೇರಿ ರೂಪಿಸಿವೆ. ಹೀಗಾಗಿ ಜನವರಿಗೆ ಆಸ್ಟ್ರಿಯಾದ ‘ಯೆನರ್’, ಸೈಕಲ್ಲಿಗೆ ಸ್ವಿಸ್ಸರ ‘ವೇಲೋ’ ಕೂಡ ಪದಪಟ್ಟಿಯಲ್ಲಿವೆ. ಧಾರವಾಡ, ಮಂಗಳೂರು, ಮೈಸೂರುಗಳ ಮಾತನ್ನೆಲ್ಲ ಒಂದೇ ಪಟ್ಟಿಯಲ್ಲಿ ಒಪ್ಪಿಕೊಂಡಂತೆ. ಓದು, ಕೇಳು, ಬರೆ, ಮಾತನಾಡು ಎಂಬ ನಾಲ್ಕು ಭಾಗಗಳಲ್ಲಿ ಪ್ರತಿಯೊಂದಕ್ಕೂ 100ಕ್ಕೆ 60 ಬೇಕು. ಓದಿನಲ್ಲಿ 90 ಬಂದರೂ ಅದು ಮಾತಿನ 55ನ್ನು ಎತ್ತಲಾರದು. ಆದರೆ ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಕನ್ನಡದ ವಿದ್ಯಾರ್ಥಿಗಳಿಗೆ ಹೆಚ್ಚು ಅಳುಕು ಮಾತಿನ ಭಾಗದ್ದು. ಅದು ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳ ನಡುವಿನದು. ಒಟ್ಟಿಗೆ ಏನೋ ಯೋಜನೆ ಹಾಕಬೇಕು, ವಿಷಯವೊಂದನ್ನು ಮಂಡಿಸಬೇಕು, ಇನ್ನೊಬ್ಬರ ಮಂಡನೆಗೆ ಪ್ರಶ್ನೆ ಕೇಳಬೇಕು. ಕಂಠಪಾಠ ಮೊದಲ ಎರಡು ನಿಮಿಷಕ್ಕೆ ಸಾಲುತ್ತದೆ, ಎದುರಿನವರ ಪ್ರಶ್ನೆಗೆ ಸಾಲುವುದಿಲ್ಲ.

ಈ ಪ್ರಮಾಣಪತ್ರಕ್ಕೆ ಜರ್ಮನಿಯಲ್ಲಿ ತಕ್ಕಮಟ್ಟಿಗೆ ತೂಕವಿದೆ. ಪೌರತ್ವಕ್ಕೆ ಕೇಳುವ ಭಾಷಾ ಮಟ್ಟ ಬಿ1. ನೀಲಿ ಕಾರ್ಡ್ ಎಂಬ ಉದ್ಯೋಗ ಪರವಾನಗಿ ಹಿಡಿದು ಹೋದ ಎಂಜಿನಿಯರಿಗೆ ಬರಿ ಎ1 ಇದ್ದರೆ ಕಾಯಂ ವಾಸದ ಅನುಮತಿಗೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು. ಜರ್ಮನ್ ಮಾಧ್ಯಮದ ಪದವಿ ತರಗತಿಗೆ ಮಾತ್ರ ಬಿ1 ಸಾಲದು. ಅಲ್ಲಿ ಸಾಮಾನ್ಯವಾಗಿ ಸಿ1ರ ಆಸುಪಾಸಿನ ಪರೀಕ್ಷೆಗಳೇ ಬೇಕು. ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಓದಿಗೆ ಹೋದವರು ಭಾಷೆಯನ್ನು ಮುಂದೂಡುತ್ತ ಬಂದು, ಕೊನೆಯ ಸೆಮಿಸ್ಟರ್‌ನಲ್ಲಿ ಕೆಲಸ ಹುಡುಕುವ ಹೊತ್ತಿಗೆ ಅವಸರದಲ್ಲಿ ಬಿ1 ಪುಸ್ತಕ ತೆರೆಯುವುದು ಅಪರೂಪವೇನಲ್ಲ.

ಹೊಸ್ತಿಲು ದಾಟಿದ ಮೇಲೆ ಬಿ2ರಲ್ಲಿ ಎದುರಾಗುವುದು ಪತ್ರಿಕೆಗಳ, ಸಂಶೋಧನಾ ಲೇಖನಗಳ ಭಾಷೆ. ಅಲ್ಲಿ ಎರಡು ಹಳೆಯ ಪರಿಚಯಗಳು ಕಾದಿರುತ್ತವೆ. ಒಂದು, ‘ಕೊನ್‌ಯುಂಕ್ಟೀಫ್’ ಒಂದು. ಸಚಿವರು ಹೀಗೆಂದರು, ಅದರ ಸತ್ಯಾಸತ್ಯಕ್ಕೆ ಪತ್ರಿಕೆ ಹೊಣೆಯಲ್ಲ ಎಂಬುದನ್ನು ಜರ್ಮನ್ ವರದಿಗಾರರು ಕ್ರಿಯಾಪದದ ರೂಪದಲ್ಲೇ ಹೇಳಿಬಿಡುತ್ತಾರೆ. ನಮ್ಮ ‘ಬಂದಿದ್ದಾನಂತೆ’ಯ ‘ಅಂತೆ’ ಮಾಡುವ ಕೆಲಸವೂ ಅದೇ. ನಮ್ಮಲ್ಲದು ಜಗಲಿಯ ಮಾತು, ಅಲ್ಲಿ ಸಂಪಾದಕೀಯದ ಮಾತು. ಇನ್ನೊಂದು, ವಿಶೇಷಣವಾದ ಕೃದಂತ. ‘ನಿನ್ನೆ ಮೈಸೂರಿನಿಂದ ಬಂದ ರೈಲು’ ಎಂಬುದನ್ನು ಲಿಖಿತ ಜರ್ಮನ್ ಇದೇ ಅನುಕ್ರಮದಲ್ಲಿ ಹೇಳುತ್ತದೆ: ‘ದೇರ್ ಗೆಸ್ಟರ್ನ್ ಔಸ್ ಮೈಸೂರು ಆನ್‌ಗೆಕೊಮ್ಮೆನೆ ತ್ಸೂಕ್’. ಇಂಗ್ಲಿಷ್ ಬಲ್ಲವರು ಬಾಲದಿಂದ ತಲೆಯ ಕಡೆಗೆ ಬಿಡಿಸಿ ಓದುವ ಈ ಕಟ್ಟನ್ನು ಕನ್ನಡಿಗರು ಎಡದಿಂದ ಬಲಕ್ಕೆ ಸೀದಾ ಓದಿಕೊಂಡು ಹೋಗಬಹುದು. ‘ನಿನ್ನೆ ಓದಿದ ಪುಸ್ತಕ’ವೂ ಸಲೀಸು. ಆದರೆ ‘ಪುಸ್ತಕ ಓದಿದ ಹುಡುಗ’ ಎಂದಾಗ ದಾರಿ ಮುಚ್ಚುತ್ತದೆ. ಕನ್ನಡದ ‘ಓದಿದ’ ಓದಿದವನಿಗೂ ಓದಿಸಿಕೊಂಡದ್ದಕ್ಕೂ ಸಲ್ಲುತ್ತದೆ. ಜರ್ಮನ್ನಿನ ‘ಗೆಲೇಸೆನ್’ ಪುಸ್ತಕಕ್ಕೆ ಮಾತ್ರ. ಹುಡುಗನನ್ನು ಮೊದಲು ನಿಲ್ಲಿಸಿ, ಅಲ್ಪವಿರಾಮ ಹಾಕಿ, ‘ದೇರ್ ಯುಂಗೆ, ದೇರ್ ದಸ್ ಬೂಖ್ ಗೆಲೇಸೆನ್ ಹಾಟ್’ ಎಂದು ಸುತ್ತಿ ಬರಬೇಕು. ಅಲ್ಲಿಯೂ ಕ್ರಿಯಾಪದ ಕೊನೆಯಲ್ಲೇ ಇರುತ್ತದೆ.